ಜೀವಂತ ಬಿಟ್ಟೆವೆಂದು ಬರೆದುಕೊಟ್ಟ ಮೂವತ್ತೇಳು ಮೀನುಗಳು

ಕಡಲಿನ ಮೀನಿನ ಹೊಣೆ ಹೊತ್ತಿರುವ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ಸಮುದ್ರದಲ್ಲಿ ಗಾಳ ಹಾಕಲು ನನ್ನ ಬಳಿ ಲೈಸೆನ್ಸ್ ಇಲ್ಲ, ಬೇಡಿದರೂ ನಿಮ್ಮ ಕಚೇರಿ ಕೊಡಲಿಲ್ಲ ಎಂಬುದೇ ನನ್ನ ದೂರು. ಲೈಸೆನ್ಸ್ ಯಾಕೆ ಬೇಕು ಎಂದು ಜಗಳ ತೆಗೆಯುವವರನ್ನು ನೀವು ದಿನವೂ ನೋಡುತ್ತಿರಬಹುದು. ಬೇಕೇಬೇಕು ಎಂದು ಜಗಳಕ್ಕೆ ನಿಂತವನು ಬಹುಶಃ ನಾನೇ ಮೊದಲನೆಯವನು. ನನ್ನ ಎರಡು ಅರ್ಜಿಗಳಿಗೂ ಸೇರಿಸಿ ಬಂದ ಒಂದೇ ಉತ್ತರ ಹೀಗಿದೆ: "ಮನರಂಜನೆಗಾಗಿ ಗಾಳ ಹಾಕುವವರಿಗೆ ಪರವಾನಗಿ ನೀಡಲು ಅವಕಾಶ ಇಲ್ಲದಿರುವುದರಿಂದ ಸದರಿ ಅರ್ಜಿಗಳನ್ನು ಮುಕ್ತಾಯಗೊಳಿಸಲಾಗಿದೆ." ಆ ಅರ್ಜಿಗಳಲ್ಲಿ ಇನ್ನೊಂದು ಮಾತೂ ಇತ್ತು. ಮೋಹನ್ ಎಂಬ ಮೀನುಗಾರರ ದೋಣಿಯ ಲೈಸೆನ್ಸನ್ನು ನೀವು ಅಮಾನತಿನಲ್ಲಿ ಇಟ್ಟಿದ್ದೀರಿ. ಅದಕ್ಕೆ ಆಧಾರವಾದದ್ದು ನಾನು ಬರೆದುಕೊಟ್ಟ ಒಂದು ಹೇಳಿಕೆ. ಆ ಹೇಳಿಕೆ ತಪ್ಪು, ಅದನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ಬರೆದಿದ್ದೆ. ಅದರ ಬಗ್ಗೆ ನಿಮ್ಮ ಉತ್ತರದಲ್ಲಿ ಒಂದಕ್ಷರವೂ ಇಲ್ಲ. ಮುಕ್ತಾಯದ ಜೊತೆಗೆ ಅದೂ ಮುಕ್ತಾಯವಾಯಿತು. ಆದ್ದರಿಂದ ಈಗ ಪತ್ರಿಕೆಯಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಮೈಸೂರಿನವನಿಗೆ ಸಮುದ್ರದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಯಾವುದಾದರೂ ಶನಿವಾರ ಬೆಳಗ್ಗೆ ಹುಣಸೂರು ರಸ್ತೆಯಲ್ಲಿ ಹತ್ತು ನಿಮಿಷ ನಿಲ್ಲಿ. ಕಾರಿನ ತಲೆಯ ಮೇಲೆ ಉದ್ದನೆಯ ಕೊಳವೆ ಕಟ್ಟಿಕೊಂಡು ಘಟ್ಟ ಇಳಿಯಲು ಹೊರಟವರು ಕಾಣುತ್ತಾರೆ. ಆ ಕೊಳವೆಗಳಲ್ಲಿ ಇರುವುದು ಗಾಳದ ಕೋಲುಗಳು. ಅವರಲ್ಲಿ ಡಾಕ್ಟರಿದ್ದಾರೆ, ವಕೀಲರಿದ್ದಾರೆ, ಸೈಟು ಮಾರುವವರಿದ್ದಾರೆ. ನಾನೂ ಇದ್ದೆ. ಮೂವತ್ತೊಂದು ವರ್ಷ ಕಾಲೇಜಿನ ಗ್ರಂಥಪಾಲಕನಾಗಿ ದುಡಿದು ನಿವೃತ್ತನಾದವನು ನಾನು. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಬೇಯಿಸುವುದಿಲ್ಲ. ನನ್ನ ಹೆಂಡತಿ ಕಮಲ ಗಾಳದ ಕೋಲು ಹೊಸ್ತಿಲು ದಾಟಬಾರದೆಂದು ಮದುವೆಯಾದ ವರ್ಷವೇ ಹೇಳಿದ್ದರಿಂದ ನನ್ನ ಕೋಲುಗಳು ನಜರ್‌ಬಾದಿನಲ್ಲಿರುವ ಗೆಳೆಯ ಚೆಲುವರಾಜುವಿನ ಟೈರ್ ಅಂಗಡಿಯಲ್ಲಿ ಇರುತ್ತವೆ. ಕಾಲೇಜಿನ ದಿನಗಳಲ್ಲಿ ಕಾವೇರಿ ದಂಡೆಯಲ್ಲಿ ಗಾಳ ಹಾಕಲು ಕಲಿಸಿದವನೂ ಅವನೇ. ಆಗ ಹಿಡಿಯುವುದು ನಾನು, ತಿನ್ನುವುದು ಅವನು. ಆಮೇಲೆ 'ಹಿಡಿದು ಬಿಡುವ' ಪದ್ಧತಿ ಬಂತು. ಹಿಡಿಯುವ ಖುಷಿಯೂ ಉಂಟು, ಕೊಂದ ಪಾಪವೂ ಇಲ್ಲ. ನನ್ನಂಥವನಿಗೆ ಇದಕ್ಕಿಂತ ಹೇಳಿ ಮಾಡಿಸಿದ ಹವ್ಯಾಸ ಇನ್ನೇನಿದ್ದೀತು?

ಲೈಸೆನ್ಸ್ ನನಗೆ ಹೊಸದೇನಲ್ಲ. ಈ ಊರಿನಲ್ಲಿ ಸೈಕಲ್ ತುಳಿಯಲು ಬಿಲ್ಲೆ ಬೇಕಿದ್ದ ಕಾಲ ನನಗೆ ನೆನಪಿದೆ. ಬಿಲ್ಲೆ ಇಲ್ಲದ ಸೈಕಲ್ಲನ್ನು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ರೇಡಿಯೋ ಕೇಳಲು ಲೈಸೆನ್ಸ್ ಬೇಕಿತ್ತು. ನಮ್ಮ ತಂದೆ ವರ್ಷಕ್ಕೊಮ್ಮೆ ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ವಾರ್ತೆ ಕೇಳಿದ್ದರಿಂದ ಯಾವ ಜೀವಕ್ಕೆ ಏನು ಕುಂದಾಗುತ್ತಿತ್ತೋ ನನಗೆ ತಿಳಿಯದು. ಹೀಗೆ ಕೇಳುವುದಕ್ಕೂ ತುಳಿಯುವುದಕ್ಕೂ ಚೀಟಿ ಬೇಡಿದ ಆಡಳಿತ, ನಾಲ್ಕು ದಶಕ ನೀರಿನಿಂದ ಜೀವ ಎಳೆದು ಹಾಕಿದ ನನ್ನನ್ನು ಒಮ್ಮೆಯೂ 'ಯಾರಯ್ಯಾ ನೀನು?' ಎಂದು ಕೇಳಲಿಲ್ಲ. ಮೀನುಗಾರನ ದೋಣಿಗೆ ನಂಬರು ಕೊಟ್ಟಿದ್ದೀರಿ, ಬಲೆಯ ಕಣ್ಣು ಎಷ್ಟು ದೊಡ್ಡದಿರಬೇಕೆಂದು ಅಳತೆ ಕೊಟ್ಟಿದ್ದೀರಿ, ಮಳೆಗಾಲದಲ್ಲಿ ಬೋಟುಗಳು ದಡದಲ್ಲೇ ಇರಬೇಕೆಂದು ಹೇಳಿದ್ದೀರಿ. ಒಳ್ಳೆಯದೇ. ನನ್ನ ಗಾಳ ಮಾತ್ರ ನಿಮ್ಮ ಯಾವ ಪುಸ್ತಕದಲ್ಲೂ ಇಲ್ಲ.

ಇನ್ನು ನಡೆದದ್ದನ್ನು ಹೇಳುತ್ತೇನೆ. ಕಳೆದ ನವೆಂಬರಿನ ಒಂದು ಭಾನುವಾರ ನಾವು ಐವರು, ಎಲ್ಲರೂ ಮೈಸೂರಿನವರೇ, ಕರಾವಳಿಯ ಒಂದು ಊರಿನಿಂದ ಮೋಹನ್ ಅವರ ದೋಣಿಯಲ್ಲಿ ಕಡಲಿಗೆ ಹೋದೆವು. ಮೋಹನ್ ಒಬ್ಬರೇ ದೋಣಿ ನಡೆಸಿ ಕೈಗಾಳದಲ್ಲಿ ಮೀನು ಹಿಡಿದು ಬದುಕುವವರು. ದಡದಿಂದ ದೂರ, ಇಪ್ಪತ್ತು ಮಾರಿನಷ್ಟು ಆಳದಲ್ಲಿ ಒಂದು ಬಂಡೆ ಇದೆ. ಅದರ ಸುತ್ತ ಕೆಂಬೇರಿ ಎಂಬ ಕೆಂಪನೆಯ ದೊಡ್ಡ ಮೀನುಗಳು ನೆಲೆ ನಿಂತಿರುತ್ತವೆ. ಮೋಹನ್ ವಾರಕ್ಕೊಮ್ಮೆ ಮಾತ್ರ ಅಲ್ಲಿಗೆ ಹೋಗಿ ನಾಲ್ಕೈದು ಹಿಡಿದು ಬರುತ್ತಾರಂತೆ. ನಾವು ಬೇಡಿಕೊಂಡೆವೆಂದು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರು.

ಗಾಳ ಇಳಿಸಿದ್ದೇ ತಡ, ಮೀನು ಕಚ್ಚಿತು. ಒಂದೊಂದನ್ನೂ ಎಳೆದು, ಎದೆಗೆ ಹಿಡಿದು ಫೋಟೋ ತೆಗೆಸಿಕೊಂಡು, ಗಾಳ ಬಿಡಿಸಿ ನೀರಿಗೆ ಬಿಟ್ಟೆವು. ಬಿಡುವ ಮೊದಲು ಗಾಳ ಚುಚ್ಚಿದ ತುಟಿಗೆ ಅರಿಶಿನ ಹಚ್ಚುತ್ತಿದ್ದೆವು. ಕೊಬ್ಬರಿ ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿದ ಅರಿಶಿನವನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋದವನು ನಾನೇ. ಗಾಯ ಬೇಗ ಮಾಯಲಿ ಎಂದು. ಪ್ರತಿ ಸಲವೂ ಚಪ್ಪಾಳೆ ತಟ್ಟುತ್ತಿದ್ದೆವು. ಮೂರನೆಯ ಮೀನನ್ನು ಬಿಟ್ಟಾಗ ಮೋಹನ್ ಎದ್ದು ನಿಂತರು.

"ಸರ್, ಅದು ಇನ್ನು ಕೆಳಗೆ ಹೋಗುದಿಲ್ಲ. ಅಷ್ಟು ಆಳದಿಂದ ಎಳೆದ ಮೇಲೆ ಅದಕ್ಕೆ ಹೊಟ್ಟೆ ತುಂಬ ಗಾಳಿ. ಹಿಡಿದದ್ದು ಸಾಕು, ಇದನ್ನೇ ಮನೆಗೆ ಕೊಂಡುಹೋಗುವ."

"ಏ ಬುಡಿ ಮೋಹನಣ್ಣ, ವಸಿ ಸುಸ್ತಾಗಿರ್ತದೆ ಅಷ್ಟೇಯ. ಸುಧಾರಿಸ್ಕೊಂಡು ಓಯ್ತದೆ," ಎಂದ ಚೆಲುವರಾಜು.

"ಎಂತ ಸರ್ ನೀವು? ತಿನ್ನುದೂ ಇಲ್ಲ, ಬಿಡುದೂ ಇಲ್ಲ."

ನಾವು ನಕ್ಕೆವು. ಒಟ್ಟು ಮೂವತ್ತೇಳು ಮೀನು ಹಿಡಿದೆವು, ಮೂವತ್ತೇಳನ್ನೂ ಬಿಟ್ಟೆವು. ಹಿಂದೆ ನೀರಿನ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಅವುಗಳ ಫೋಟೋ ಕೂಡ ತೆಗೆದೆವು.

ಆಗ ನಿಮ್ಮ ಗಸ್ತು ದೋಣಿ ಬಂತು. ನೀರಿನ ಮೇಲೆ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನುಗಳನ್ನು ದೂರದಿಂದಲೇ ನೋಡಿದ ನಿಮ್ಮ ಸಿಬ್ಬಂದಿಗೆ ಸಿಡಿಮದ್ದು ಎಸೆದು ಮೀನು ಕೊಂದಿದ್ದಾರೆಂಬ ಅನುಮಾನ ಬಂತು. ಅನುಮಾನ ಬಂದದ್ದು ತಪ್ಪಲ್ಲ. ನಮ್ಮನ್ನು ದಡಕ್ಕೆ ಕರೆತಂದರು. ದೋಣಿಯನ್ನೆಲ್ಲ ಜಾಲಾಡಿದರು, ಏನೂ ಸಿಗಲಿಲ್ಲ. ಒಬ್ಬರು ನನ್ನ ಕೋಲನ್ನು ಎತ್ತಿ ಬಾಗಿಸಿ ನೋಡಿ, "ಫಾರಿನ್ನಾ ಸಾರ್? ಒಳ್ಳೇ ಪೀಸು," ಎಂದು ಗೌರವದಿಂದ ವಾಪಸು ಕೊಟ್ಟರು. ಆಮೇಲೆ, "ನೀವು ಓದಿದವರು, ನಡೆದದ್ದನ್ನ ಒಂದು ಹಾಳೇಲಿ ಬರೆದುಕೊಟ್ಟು ಹೊರಡಿ ಸಾರ್," ಎಂದರು.

ಓದಿದವನು ಬರೆದ. ಮನಸ್ಸಿಟ್ಟು ಬರೆದ. "ನಾವು ಹಿಡಿದ ಮೂವತ್ತೇಳು ಮೀನುಗಳಲ್ಲಿ ಒಂದನ್ನೂ ಕೊಲ್ಲದೆ, ಗಾಯಕ್ಕೆ ಅರಿಶಿನ ಹಚ್ಚಿ, ಎಲ್ಲವನ್ನೂ ಜೀವಂತವಾಗಿ ಕಡಲಿಗೆ ಮರಳಿಸಿರುತ್ತೇವೆ" ಎಂಬ ಸಾಲಿನ ಕೆಳಗೆ ಐವರೂ ಸಹಿ ಹಾಕಿದೆವು. "ಎಂಗ್ ಬರ್ದ್‌ಬುಟ್ಟೆ ಕಣೋ ನರಸಿಂಹ, ಕೋರ್ಟಿಗ್ ಕೊಡೋ ಹಂಗದೆ," ಎಂದು ಚೆಲುವರಾಜು ಬೆನ್ನು ತಟ್ಟಿದ. ಮೋಹನ್ ಹತ್ತಿರ ಬಂದು, "ಸರ್, ಹಾಗೆ ಬರೀಬೇಡಿ," ಎಂದರು. ನಿಮ್ಮವರು ಅವರನ್ನು ಸುಮ್ಮನಿರಿಸಿದರು. ದೋಣಿಯ ಹೆಸರು ಇದರಲ್ಲಿ ಬರಬಾರದೆಂದು ಕೇಳುತ್ತಿದ್ದಾರೆಂದುಕೊಂಡೆ. ಏಕೆ ಎಂದು ಒಂದು ಮಾತು ಕೇಳಲಿಲ್ಲ. ಕಾರು ಹತ್ತಿದೆ. ದಾರಿಯಲ್ಲಿ ಹೋಟೆಲಿನಲ್ಲಿ ನಿಲ್ಲಿಸಿ ನೀರುದೋಸೆ ತಿಂದೆವು.

ಎರಡು ತಿಂಗಳು ಕಳೆದ ಮೇಲೆ ಮತ್ತೊಮ್ಮೆ ಹೋಗೋಣವೆಂದು ಟೈರ್ ಅಂಗಡಿಯಿಂದಲೇ ಮೋಹನ್‌ಗೆ ಫೋನು ಮಾಡಿದೆವು.

"ದೋಣಿ ಮೇಲೆ ಎಳೆದು ಹಾಕಿದ್ದೇನೆ ಸರ್," ಎಂದರು. "ಲೈಸೆನ್ಸ್ ಇಲ್ಲ. ಮೇ ತಿಂಗಳು ಮುಗಿಯುವವರೆಗೆ ಇಲ್ಲ. ಆಮೇಲೆ ಹೇಗೂ ಮಳೆಗಾಲ. ಈಗ ಬೇರೆಯವರ ಬೋಟಿಗೆ ಐಸ್ ಹೊರುದು."

"ಯಾಕೆ ಮೋಹನ್, ಏನಾಯ್ತು?" ಎಂದೆ.

"ಆರ್ಡರ್ ಕಳಿಸ್ತೇನೆ, ಓದಿ. ನೀವು ಬರೆದದ್ದನ್ನೂ ಅದರಲ್ಲಿ ಹಾಕಿದ್ದಾರೆ. ಅಕ್ಷರ ಚಂದ ಉಂಟು ಸರ್ ನಿಮ್ಮದು."

ಆದೇಶದ ಫೋಟೋ ಬಂತು. ಓದಿದೆ. "ಪ್ರವಾಸಿಗರು ತಾವು ಹಿಡಿದ ಮೀನುಗಳನ್ನೆಲ್ಲ ಜೀವಂತವಾಗಿ ಬಿಟ್ಟಿರುವುದಾಗಿ ಲಿಖಿತ ಹೇಳಿಕೆ ನೀಡಿರುವುದರಿಂದ, ಸ್ಥಳದಲ್ಲಿ ತೇಲುತ್ತಿದ್ದ ಸತ್ತ ಮೀನುಗಳು ದೋಣಿ ಮಾಲೀಕರು ಸ್ಫೋಟಕ ಬಳಸಿದ್ದರ ಪರಿಣಾಮವೆಂದು ಕಂಡುಬರುತ್ತದೆ. ಸ್ಫೋಟಕವನ್ನು ನೀರಿಗೆ ಎಸೆದು ಸಾಕ್ಷ್ಯ ನಾಶ ಮಾಡಿರುವ ಸಾಧ್ಯತೆ ಇರುತ್ತದೆ." ಚೆಲುವರಾಜು ಅಂಗಡಿಯ ಶಟರ್ ಅರ್ಧಕ್ಕೆ ಎಳೆದ.

ಆಗಲೂ ನನಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಸತ್ತವು ನಾವು ಬಿಟ್ಟ ಮೀನುಗಳೇ ಎಂಬುದಕ್ಕೆ ಏನು ಗುರುತು? ಮನೆಗೆ ಬಂದು ಫೋನಿನಲ್ಲಿದ್ದ ಫೋಟೋಗಳನ್ನು ತೆಗೆದು ಕುಳಿತೆ. ಮೀನಿನ ಫೋಟೋ ಎಂದರೆ ಮುಖ ತಿರುಗಿಸುವ ಕಮಲ ಅಂದು ಅದೇಕೋ ಹಿಂದೆ ಬಂದು ನಿಂತಳು.

"ಇದೇನ್ರೀ ಇದು, ಬಾಯಿಂದ ಗುಳ್ಳೆ ಥರ ಆಚೆ ಬಂದಿದೆ?"

"ನಾಲಿಗೆ ಇರಬೇಕು ಕಣೇ."

"ನಾಲಿಗೇನಾ? ಕಣ್ಣೂ ಉಬ್ಬಿಕೊಂಡಿದೆ ನೋಡಿ. ಅದು ಸಾಯ್ತಾ ಇದೆ ಕಣ್ರೀ. ಹಿಡ್ಕೊಂಡು ಹಲ್ಲು ಬಿಡ್ತಾ ನಿಂತಿದೀರಲ್ಲ!"

ಮರುದಿನ ನನ್ನ ಹಳೆಯ ಗ್ರಂಥಾಲಯಕ್ಕೆ ಹೋಗಿ ಮೀನಿನ ಶರೀರರಚನೆಯ ಪುಸ್ತಕ ತೆಗೆಸಿದೆ. ಮೋಹನ್ ಎರಡು ವಾಕ್ಯದಲ್ಲಿ ಹೇಳಿದ್ದನ್ನು ಅದು ಎರಡು ಪುಟದಲ್ಲಿ ಹೇಳುತ್ತದೆ. ಮೀನಿನೊಳಗೆ ಒಂದು ಗಾಳಿಚೀಲ ಇರುತ್ತದೆ. ಆಳದಿಂದ ಸರಕ್ಕನೆ ಮೇಲೆಳೆದರೆ ಅದು ಹಿಗ್ಗಿ ಜಠರವನ್ನು ಬಾಯಿಯಿಂದ ಆಚೆಗೆ ತಳ್ಳುತ್ತದೆ. ಅಂಥ ಮೀನು ಮತ್ತೆ ಕೆಳಗೆ ಇಳಿಯಲಾರದು. ಮೇಲೆಯೇ ತೇಲುತ್ತಾ ಸಾಯುತ್ತದೆ, ಇಲ್ಲವೇ ಹದ್ದಿನ ಪಾಲಾಗುತ್ತದೆ. ಈ ಪುಸ್ತಕವನ್ನು ವರ್ಷಗಟ್ಟಲೆ ವಿದ್ಯಾರ್ಥಿಗಳ ಕೈಗೆ ಮುದ್ರೆ ಹಾಕಿ ಕೊಟ್ಟವನು ನಾನು. ತೆರೆದು ನೋಡಿರಲಿಲ್ಲ.

ಈಗ ಒಂದು ಪ್ರಶ್ನೆ, ಮಾನ್ಯರೇ. ತೇಲುತ್ತಿದ್ದ ಮೀನುಗಳಲ್ಲಿ ಒಂದನ್ನಾದರೂ ನಿಮ್ಮವರು ಎತ್ತಿ ನೋಡಿದ್ದರೇ? ಅವುಗಳ ತುಟಿಯಲ್ಲಿ ಅರಿಶಿನ ಇತ್ತು. ಸಿಡಿಮದ್ದು ಎಸೆದು ಕೊಂದವನು ಆಮೇಲೆ ಒಂದೊಂದನ್ನೇ ಹಿಡಿದು ಅರಿಶಿನ ಹಚ್ಚುತ್ತಾನೆಯೇ? ಕೊಂದವರು ದಡದಲ್ಲಿ ನಿಮ್ಮೆದುರೇ, ಹಳದಿಯಾದ ಬೆರಳುಗಳಲ್ಲಿ ಪೆನ್ನು ಹಿಡಿದು ಬರೆಯುತ್ತಿದ್ದರು. ಆದರೆ ಹಿಡಿಯಲು ನಿಮಗೆ ಒಂದು ನಂಬರು ಬೇಕಿತ್ತು. ಅದು ಇದ್ದದ್ದು ಮೋಹನ್ ದೋಣಿಗೆ ಮಾತ್ರ. ಎಲ್ಲ ನಿಯಮವನ್ನೂ ಪಾಲಿಸಿ ಲೈಸೆನ್ಸ್ ಪಡೆದವನ ಬಳಿ ಕಿತ್ತುಕೊಳ್ಳಲು ಲೈಸೆನ್ಸ್ ಇತ್ತು. ನಮ್ಮ ಬಳಿ ಏನಿತ್ತು? ಕೋಲುಗಳಿದ್ದವು, ಅವನ್ನು ಗೌರವದಿಂದ ವಾಪಸು ಕೊಟ್ಟಿರಿ.

ನಮ್ಮ ಗುಂಪಿನಲ್ಲೇ ನನ್ನ ಮಾತಿಗೆ ವಿರೋಧ ಇದೆ. ದೊಡ್ಡ ಬೋಟುಗಳು ಟನ್ನುಗಟ್ಟಲೆ ಬಾಚುವಾಗ ನಮ್ಮ ಒಂದು ಗಾಳದಿಂದ ಕಡಲು ಬರಿದಾಗುತ್ತದೆಯೇ ಎನ್ನುತ್ತಾರೆ. ನಾನೂ ವರ್ಷಗಟ್ಟಲೆ ಹೀಗೆಯೇ ವಾದಿಸಿದವನು. ಬೋಟುಗಳ ಲೆಕ್ಕ ಬೇರೆ, ಅದನ್ನೂ ಕೇಳಲೇಬೇಕು. ಆದರೆ ಆ ಬಂಡೆಯ ಹತ್ತಿರ ಬಲೆ ಹಾಕಿದರೆ ಹರಿಯುತ್ತದೆಂದು ದೊಡ್ಡ ಬೋಟುಗಳು ಸುಳಿಯುವುದಿಲ್ಲ. ಅಲ್ಲಿ ಮೀನು ಉಳಿದದ್ದೇ ಅದರಿಂದ. ಅಲ್ಲಿಗೆ ಸಲೀಸಾಗಿ ಇಳಿಯುವುದು ನಮ್ಮ ಗಾಳ. ನಾವು ಹುಡುಕುವುದೂ ಫೋಟೋಗೆ ಒಪ್ಪುವ ದೊಡ್ಡ ಮೀನನ್ನೇ. ಮೊಟ್ಟೆ ಹೆಚ್ಚು ಇಡುವುದು ಅಂಥವೇ. ಮೋಹನ್ ಎರಡು ತಿಂಗಳಲ್ಲಿ ಹಿಡಿಯುವಷ್ಟನ್ನು ನಾವು ಒಂದು ಬೆಳಗಿನಲ್ಲಿ ಕೊಂದು, ತಿನ್ನದೆ ಬಿಟ್ಟು ಬಂದೆವು. ಇಂಥ ಗುಂಪುಗಳು ಎಷ್ಟಿವೆ? ನಿಮಗೆ ಗೊತ್ತಿಲ್ಲ. ಯಾರೂ ಎಣಿಸಿಲ್ಲ. ಪ್ರತಿಯೊಂದು ಕಾರಿನಲ್ಲಿ ಕುಳಿತವನೂ ತಾನೊಬ್ಬನೇ ತಾನೇ ಎಂದುಕೊಂಡು ಘಟ್ಟ ಇಳಿಯುತ್ತಿದ್ದಾನೆ.

ಚೆಲುವರಾಜುವಿನ ತಕರಾರು ಬೇರೆ. "ಲೈಸೆನ್ಸ್ ಅಂದ್ರೆ ಆಫೀಸು, ಆಫೀಸು ಅಂದ್ರೆ ನಾಳೆ ಬಾ ಅನ್ನೋದು. ಸಂಜೆ ಸಾರಿಗೆ ಅಂತ ದಡದಲ್ಲಿ ಕೂತು ಗಾಳ ಹಾಕೋ ಮುದುಕಪ್ಪನ್ನೂ ಅಲೆಸ್ತಾರೆ ಕಣೋ," ಎಂದ. ಅವನ ಮಾತು ನಿಜ. ಊಟಕ್ಕೆಂದು ದಡದಿಂದ ಗಾಳ ಹಾಕುವವರ ತಂಟೆಗೆ ಹೋಗಬೇಡಿ. ಕಡಲಿಗೆ ಮನರಂಜನೆಗೆಂದು ದೋಣಿ ಹತ್ತಿ ಬರುವ ನನ್ನಂಥವರನ್ನು ಹಿಡಿಯಿರಿ. ಹಣ ಕಟ್ಟಿಸಿಕೊಂಡು ಕಾರ್ಡು ಕೊಟ್ಟರೆ ಸಾಲದು. ಹಣ ನಾವು ಸಂತೋಷದಿಂದ ಕಟ್ಟಿ ಮತ್ತಷ್ಟು ಕೊಲ್ಲುತ್ತೇವೆ. ಕೂರಿಸಿ ಪರೀಕ್ಷೆ ಮಾಡಿ. ಎಷ್ಟು ಆಳದ ಮೀನನ್ನು ಬಿಟ್ಟರೆ ಬದುಕುತ್ತದೆ, ಯಾವ ತಿಂಗಳು ಗಾಳ ಮುಟ್ಟಬಾರದು, ಎಷ್ಟು ಹಿಡಿದ ಮೇಲೆ ಕೋಲು ಮಡಚಬೇಕು ಎಂದು ಕೇಳಿ. ಪರೀಕ್ಷಕರ ಕುರ್ಚಿಯಲ್ಲಿ ಮೋಹನ್ ಅಂಥವರನ್ನು ಕೂರಿಸಿ. ಮೊದಲ ಸಲ ನಾನು ಖಂಡಿತ ಫೇಲಾಗುತ್ತೇನೆ.

ಈ ಪತ್ರವನ್ನು ನಾಲ್ಕನೆಯ ಸಲ ತಿದ್ದುತ್ತಿದ್ದೇನೆ, ಮನಸ್ಸು ನಿಲ್ಲುತ್ತಿಲ್ಲ. ಮಳೆಗಾಲಕ್ಕೆ ಇನ್ನು ಉಳಿದಿರುವುದು ಕೆಲವೇ ವಾರ. ಒಂದೊಂದು ವಾರ ಕಳೆದಂತೆ ಮೋಹನ್ ಒಬ್ಬರ ಬದುಕಿನಿಂದ ಒಂದೊಂದು ವಾರ ಹೋಗುತ್ತಿದೆ. ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇನೆ, ಇದನ್ನೂ ಆದೇಶದಲ್ಲಿ ಸೇರಿಸಿಕೊಳ್ಳಿ: ನವೆಂಬರಿನ ಆ ಭಾನುವಾರ ಬಂಡೆಯ ಬಳಿ ಸತ್ತ ಕೆಂಬೇರಿಗಳನ್ನು ಕೊಂದವರು ನಾವು ಐವರು. ಮೋಹನ್ ಬೇಡವೆಂದರು, ನಾವು ಕೇಳಲಿಲ್ಲ. ಜೀವಂತ ಬಿಟ್ಟೆವು ಎಂಬ ನನ್ನ ಹೇಳಿಕೆ ಸುಳ್ಳು. ಗೊತ್ತಿಲ್ಲದೆ ಹೇಳಿದ ಸುಳ್ಳು. ಆದರೂ ಅದರ ಫಲ ಅವರ ತಲೆಗೆ ಬಂದಿದೆ. ಫೋಟೋಗಳು ನನ್ನ ಬಳಿ ಇವೆ. ಕರೆದ ದಿನ, ಕರೆದ ಜಾಗಕ್ಕೆ ತಂದು ತೋರಿಸುತ್ತೇನೆ. ಐವರೂ ಬರುತ್ತೇವೆ.

ಮೋಹನ್ ಅವರ ಲೈಸೆನ್ಸನ್ನು ಈ ವಾರವೇ ಅವರ ಕೈಗೆ ಹಿಂದಿರುಗಿಸಿ. ಹೋದ ದಿನಗಳನ್ನು ಹಿಂದಿರುಗಿಸಲು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು. ಆಮೇಲೆ ನನ್ನಂಥವರಿಗೂ ಒಂದು ಲೈಸೆನ್ಸ್ ಮಾಡಿ. ಮೊದಲನೆಯದನ್ನು ನನ್ನ ಹೆಸರಿಗೆ ಬರೆಯಿರಿ. ಬರೆದು ಮುದ್ರೆ ಒತ್ತಿ, ಅದೇ ದಿನ ರದ್ದು ಮಾಡಿ.

ಇಂತಿ,
ರದ್ದುಪಡಿಸಲು ಏನೂ ಇಲ್ಲದೆ ಉಳಿದುಹೋದ
ಲಕ್ಷ್ಮೀನರಸಿಂಹ
ಜಯಲಕ್ಷ್ಮಿಪುರಂ, ಮೈಸೂರು