ಬೇರೆ ಚೀಲದಲ್ಲಿ ಹೋದ ವಾಲ್ವುಗಳು

ಗದಗ, ಇಸವಿ ೨೧೭೪, ಫೆಬ್ರವರಿ ಮೂವತ್ತೊಂದು

ಕೇಳಿರಿ, ಕೇಳಿರಿ! ಗೋಡೌನಿನ ಮುಂದೆ ನೆರೆದಿರುವ ಬಾಯ್ಲರ್ ಹೋಲ್‌ಸೇಲ್ ಸಾಹುಕಾರರೇ, ಮಹಡಿಯ ಮೇಲೆ ಮಹಡಿ ಎಬ್ಬಿಸುವ ಬಿಲ್ಡರ್ ಮಹಾಶಯರೇ, ಲಾರಿ ತುಂಬುವ ಹಮಾಲ ಬಂಧುಗಳೇ! ನೂರೈವತ್ತು ವರ್ಷದಾಚೆಯಿಂದ ಈ ದ್ಯಾಮಣ್ಣ ಕೂಗುತ್ತಿದ್ದೇನೆ. ತಾರೀಖು ನೋಡಿ ನಗಬೇಡಿ. ಸೂರ್ಯನೇ ನೆಟ್ಟಗೆ ಕಾಣದ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೊಂದು ದಿನವೆಂದು ಠರಾವಾಗಿದೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವವನಲ್ಲ!

ಬಿಸಿಲು ತಾಳಲಾರದೆ ನಿಮ್ಮ ಮೊಮ್ಮಕ್ಕಳು ಆಕಾಶಕ್ಕೆ ಬೂದಿ ತೂರಿದರು. ತೂರಿದ್ದು ಕೆಳಗಿಳಿಯಲೇ ಇಲ್ಲ. ಅದನ್ನು ನಾವು ಮಬ್ಬುಚಪ್ಪರ ಎನ್ನುತ್ತೇವೆ. ಅದರಡಿಯಲ್ಲಿ ವರ್ಷಕ್ಕೆ ಎಂಟು ತಿಂಗಳು ಕೊಡದೊಳಗಿನ ನೀರು ಹೆಪ್ಪುಗಟ್ಟಿ ಕಲ್ಲಾಗುತ್ತದೆ. ಹೊಸ ಕಟ್ಟಡವಿಲ್ಲ, ಹೊಸ ಲೋಹವಿಲ್ಲ. ನೀವು ಕಟ್ಟಿಸಿದ ಅಪಾರ್ಟ್‌ಮೆಂಟುಗಳಲ್ಲೇ ನಮ್ಮ ವಾಸ. ಸ್ನಾನದ ನೀರಿಗೆಂದು ಗೋಡೆಯೊಳಗೆ ನೀವು ಕೂಡಿಸಿದ ತಾಮ್ರದ ಬಾಯ್ಲರಿಗೆ ನಾವು ಕೆಳಗಿನಿಂದ ಉರಿ ಕೊಟ್ಟು, ಕುದಿನೀರನ್ನು ಪೈಪುಗಳಲ್ಲಿ ಸುತ್ತಿಸಿ ಮನೆ ಕಾಯಿಸಿಕೊಳ್ಳುತ್ತೇವೆ. ಇದು ನಮ್ಮ ಬಿಸಿಗೋಡೆ. ಅದಕ್ಕೆ ಬೆನ್ನು ಹಚ್ಚಿ ಉಣ್ಣುತ್ತೇವೆ, ಒದ್ದೆ ಬಟ್ಟೆ ಒಣಗಿಸುತ್ತೇವೆ. ಹೆಣ್ಣಿನ ಕಡೆಯವರು ಬಂದರೆ ಮೊದಲು ಗೋಡೆ ಮುಟ್ಟಿ ನೋಡುತ್ತಾರೆ, ವರನ ಮುಖ ಆಮೇಲೆ.

ಈಗ ಕೇಳಿ ನಿಮ್ಮ ಪ್ರತಾಪ! ಹೋದ ವರ್ಷ ಪಕ್ಕದ ಕಟ್ಟಡದ ಬಿಸಿಗೋಡೆ ಸಿಡಿದು ನನ್ನ ಅಣ್ಣ ಫಕೀರಪ್ಪ ಸತ್ತ. ಹಬೆ ಹೆಚ್ಚಾದಾಗ ತಾನೇ ತೆರೆದುಕೊಳ್ಳಬೇಕಾದ ವಾಲ್ವಿನ ಜಾಗದಲ್ಲಿ ಏನಿತ್ತು ಗೊತ್ತೇ? ಕಬ್ಬಿಣದ ಬಿರಡೆ! ಪಕ್ಕದಲ್ಲೇ ಗಿಲಾವಿನೊಳಗೆ ಹುಗಿದ ತಗಡಿನ ಚೀಟಿ: ‘ವಾಲ್ವು ಬೇರೆ ಚೀಲದಲ್ಲಿ. ಕಡೇ ಊರು ಹೊಸಪೇಟೆ.’ ವಾಲ್ವು ಹೊರಚಾಚಿದ್ದರೆ ಬಾಯ್ಲರುಗಳು ಲಾರಿಯಲ್ಲಿ ಒತ್ತಾಗಿ ಕೂಡುವುದಿಲ್ಲವೆಂದು ಅವನ್ನು ಬಿಚ್ಚಿದಿರಿ, ದಾರಿಯ ಮಟ್ಟಿಗೆ ಬಿರಡೆ ತಿರುವಿದಿರಿ, ಎಲ್ಲ ವಾಲ್ವುಗಳನ್ನು ಒಂದೇ ಚೀಲಕ್ಕೆ ತುಂಬಿದಿರಿ. ಬಾಯ್ಲರುಗಳು ಗದಗದಲ್ಲಿ ಇಳಿದವು, ಕೊಪ್ಪಳದಲ್ಲಿ ಇಳಿದವು, ಬಿರಡೆಯ ಸಮೇತ ಗೋಡೆ ಸೇರಿದವು. ಚೀಲ ಕಡೆಯ ಊರಿಗೆ ಹೋಯಿತು. “ಗಿಲಾವು ಬಿದ್ದಮ್ಯಾಲೆ ಯಾವ ಮಗಾ ನೋಡ್ತಾನ, ನಡೀಲೇ” ಎಂದು ನಕ್ಕಿರಬೇಕು ನೀವು. ನಾನು ನೋಡಿದೆನಲ್ಲ ಸ್ವಾಮಿ! ಇಟ್ಟಿಗೆಯ ರಾಶಿಯಿಂದ ಅಣ್ಣನ ಕೈ ಎಳೆದೆನಲ್ಲ!

ಹೊಸಪೇಟೆಗೆ ಆರು ದಿನ ನಡೆದೆ. ಪಾಳುಬಿದ್ದ ಗೋಡೌನಿನ ಅಟ್ಟದ ಮೇಲೆ ಆ ಚೀಲ ಕೂತಿತ್ತು. ನೂರಾ ನಲವತ್ತು ವಾಲ್ವು, ಸುತ್ತಿದ ಕಾಗದವನ್ನೂ ಬಿಚ್ಚಿಲ್ಲ. ಬಿಚ್ಚಿಲ್ಲ! ಒಂದೇ ಒಂದು ಊರಿನಿಂದ ‘ನಮ್ಮ ವಾಲ್ವು ಎಲ್ಲಿ?’ ಎಂದು ಕೇಳಿದವರಿಲ್ಲ, ಕಳಿಸಿದವರೂ ಇಲ್ಲ. ಥೂ!

ಚೀಲ ಹೊತ್ತು ಮನೆಗೆ ಬಂದರೆ ಮಗಳು ಶಿವಲೀಲಾ ಹೆತ್ತಿದ್ದಾಳೆ. ಕೂಸಿಗೆ ಒಂಬತ್ತು ದಿನ. ನಿನ್ನೆಯಿಂದ ನಮ್ಮ ಗೋಡೆಯೂ ಹಬೆ ಕಟ್ಟಿ ಗುಂಯ್ಗುಟ್ಟುತ್ತಿದೆ; ಇದರಲ್ಲೂ ಅದೇ ಬಿರಡೆ. ಬಿರಡೆ ಬಿಚ್ಚಬೇಕೆಂದರೆ ಉರಿ ಆರಿಸಬೇಕು, ಗೋಡೆ ಒಡೆಯಬೇಕು. ಮತ್ತೆ ಬಿಸಿಯೇರಲು ಒಂದು ಹಗಲು, ಒಂದು ರಾತ್ರಿ. ನಾನು ನಿಮ್ಮನ್ನು ಎತ್ತರದ ದನಿಯಲ್ಲಿ ಶಪಿಸುತ್ತ ನಿಂತಿದ್ದೆ. ಸೂಲಗಿತ್ತಿ ಖಾಜಾಬಿ ಗದರಿಸಿದಳು: “ಸತ್ತೋರಿಗೆ ಡೈಲಾಗ್ ಹೊಡಿಯೂದು ಸಾಕು ಮಾಡೋ ದ್ಯಾಮಣ್ಣ. ಉರಿ ಆರಿಸಿದ್ರ ಕೂಸು ಉಳಿಯೂದಿಲ್ಲ, ಆರಿಸ್ಲಿಲ್ಲಂದ್ರ ನಾವ್ಯಾರೂ ಉಳಿಯೂದಿಲ್ಲ. ಏನ್ ಮಾಡ್ತಿ ಹೇಳು.”

ಹೇಳಿದೆ. ನಿಮಗೂ ಹೇಳುತ್ತೇನೆ. ಆದರೆ ಮೊದಲು ನೀವು ಮಾಡಬೇಕಾದ್ದು: ಆ ಲಾರಿ ಹೊರಡುವ ಮುನ್ನ ಚೀಲ ಸುರುವಿ, ಒಂದೊಂದು ಬಾಯ್ಲರಿಗೂ ಅದರ ವಾಲ್ವನ್ನು ಮರಳಿ ತಿರುವಿರಿ. ಲಾರಿಯಲ್ಲಿ ನಾಲ್ಕು ಕಡಿಮೆ ಹಿಡಿಯುತ್ತವೆಯೇ? ಕಡಿಮೆಯೇ ಹಿಡಿಯಲಿ!

ನಾಳೆ ಬೆಳಗ್ಗೆ ನಾನೇ ಉರಿ ಆರಿಸುತ್ತೇನೆ. ಈ ಕಟ್ಟಡದ ನಲವತ್ತೊಂದು ಜನ ಮೈಗೆ ಮೈ ಹಚ್ಚಿ ಸುತ್ತು ಕೂತು, ಗೋಡೆ ಮತ್ತೆ ಬಿಸಿಯೇರುವವರೆಗೆ ಕೂಸನ್ನು ಎದೆಯಿಂದ ಎದೆಗೆ ದಾಟಿಸುತ್ತ ಇರುತ್ತಾರೆ. ನಾನು ಸುತ್ತಿಗೆ ಎತ್ತಿ ಗೋಡೆ ಒಡೆದು, ಬಿರಡೆ ಬಿಚ್ಚಿ, ಆ ಚೀಲದ ವಾಲ್ವು ತಿರುವುತ್ತೇನೆ.