ಅಮ್ಮನ ನೋಡ್

ಜೂನ್ ೩, ಸೋಮವಾರ

ನೆಟ್ ಮತ್ತೆ ಕೈಕೊಟ್ಟಿತು. ಹನ್ನೊಂದು ಗಂಟೆಯ ಸೆಷನ್. ಡ್ರೈವರಣ್ಣ 'ಬಸ್ಸು' ಅನ್ನಲು ಬಾಯಿ ತೆರೆದಿದ್ದರು. ಬ... ಅಷ್ಟೇ. ಬಾಯಿ ತೆರೆದ ಮುಖ ಫೋಟೋದ ಹಾಗೆ ನಿಂತುಬಿಟ್ಟಿತು. ಪರದೆಯ ನಡುವೆ ಆ ಹಾಳು ಚಕ್ರ ತಿರುಗುತ್ತಿದೆ. ನಾನು ಈ ಕಡೆ "ಹಾಂ, ಹೇಳಿ, ಹೇಳಿ" ಅಂತ ಕೂಗಿದ್ದೇ ಬಂತು.

ನೆಟ್ ಬಂದಾಗ ಅವರು ತಲೆ ತಗ್ಗಿಸಿ ಕೂತಿದ್ದರು. ಪಕ್ಕದಲ್ಲಿ ಮಗಳು. "ಅಪ್ಪ ಸರಿಯಾಗೇ ಹೇಳಿದ್ರು ಮೇಡಂ. ನೀವು ಸುಮ್ನೆ ಇದ್ರಲ್ಲ, ತಾನೇ ತಪ್ಪು ಹೇಳ್ದೆ ಅಂದ್ಕೊಂಡ್ರು."

ಬಸ್ ಓಡಿಸುತ್ತಿದ್ದವರು, ಸ್ಟ್ರೋಕ್ ಆಗಿ ಮಾತು ಹೋದ ಮನುಷ್ಯ. ಒಂದೊಂದು ಪದವನ್ನೂ ಬಾವಿಯಿಂದ ಸೇದಿದ ಹಾಗೆ ಸೇದಿ ತರುತ್ತಾರೆ. ಕಟ್ಟೆಯ ಮೇಲೆ ನಿಂತು ಕೊಡ ಹಿಡಿಯಬೇಕಾದ ಸ್ಪೀಚ್ ಥೆರಪಿಸ್ಟ್ ನಾನು — ನಾನೇ ಮಾಯ! ಅವರ ಊರಲ್ಲಿ ಈ ಕೆಲಸ ಮಾಡುವವರು ಯಾರೂ ಇಲ್ಲ. ಈ ಪರದೆ ಬಿಟ್ಟರೆ ಗತಿಯಿಲ್ಲ. ಕೊನೆಯಲ್ಲಿ ಮಗಳು ದನಿ ತಗ್ಗಿಸಿ, "ಅಪ್ಪ ಬೇಡ ಬೇಡ ಅಂತಿದ್ದಾರೆ ಮೇಡಂ. ಇನ್ನು ಸ್ವಲ್ಪ ದಿನ ನೋಡ್ತೀವಿ," ಅಂದಳು. ಈಗ ಬಿಟ್ಟರೆ ಅವರು ಇನ್ನು ಬಾಯಿ ತೆರೆಯುವುದಿಲ್ಲ. ನನಗೆ ಗೊತ್ತು.

ಸಂಜೆ ಭಾವನಿಗೆ, ಯಜಮಾನರ ಅಣ್ಣನಿಗೆ, ಹೇಳಿದೆ. ಅವರು ನೀರಿನ ಪೈಪು-ಪಂಪಿನ ಇಂಜಿನಿಯರ್. ಮನೆಯಲ್ಲಿ ಮಾತ್ರ ಎಲ್ಲದಕ್ಕೂ ಇಂಜಿನಿಯರ್. "ನನಗೆ ಬಿಡಮ್ಮ," ಅಂದರು. ಬಿಟ್ಟಿದ್ದೇನೆ.

ಜೂನ್ ೪, ಮಂಗಳವಾರ

ಬೆಳಿಗ್ಗೆ ಎದ್ದು ನೋಡಿದರೆ ಭಾವ ಫೋನು ಎತ್ತಿ ಹಿಡಿದು ಮನೆ ತುಂಬ ಓಡಾಡುತ್ತಿದ್ದಾರೆ. ಸ್ಪೀಡ್ ಟೆಸ್ಟ್ ಅಂತೆ. ಹಾಲ್‌ನಲ್ಲಿ ಭರ್ಜರಿ, ಅಡುಗೆಮನೆಯಲ್ಲಿ ಪರವಾಗಿಲ್ಲ, ನನ್ನ ರೂಮಿನಲ್ಲಿ ದೇವರೇ ಗತಿ.

ಮನೆಯೂ ಹಾಗೇ ಇದೆ. ಅಣ್ಣ-ತಮ್ಮ ಸೇರಿ ಅಕ್ಕಪಕ್ಕದ ಎರಡು ಮನೆ ಕೊಂಡು ನಡುಗೋಡೆ ಒಡೆಸಿ ಒಂದು ಮಾಡಿದ್ದು. ಉದ್ದಕ್ಕೆ ರೈಲಿನ ಹಾಗೆ. ಆ ತುದಿಗೆ ಭಾವನ ಹಾಲ್, ಮೇನ್ ರೌಟರ್ ಅಲ್ಲಿ. ಈ ತುದಿಗೆ ನನ್ನ ಕೆಲಸದ ರೂಮು. ನಡುವೆ ಅತ್ತೆಯ ರೂಮು. ಒಂದೇ ರೌಟರ್ ಇಷ್ಟುದ್ದಕ್ಕೆ ಸಾಲದು ಅಂತ ಹೋದ ತಿಂಗಳು ಮೆಶ್ ಹಾಕಿಸಿದರು. ಅತ್ತೆ ಒಲೆಯ ಮೇಲೆ ಹಾಲಿಟ್ಟು ಮರೆತು ಮಲಗಿದ ವಾರವೇ. ಅಂಗೈಯಗಲದ ಬಿಳಿ ದುಂಡನೆಯ ಡಬ್ಬಿಗಳು, ಒಂದೊಂದಕ್ಕೂ ಪುಟ್ಟ ದೀಪ. ಸಿಗ್ನಲ್ ಒಂದರಿಂದ ಇನ್ನೊಂದಕ್ಕೆ ದಾಟಿ ಬರುತ್ತದೆ. ಈ ಡಬ್ಬಿಗೆ ನೋಡ್ ಅಂತ ಹೆಸರು. ಅತ್ತೆಯ ರೂಮಿನ ನೋಡ್ ಬಿದ್ದರೆ ನಾನೂ ಬಿದ್ದೆ.

ಹಾಕಲು ಬಂದ ಟೆಕ್ನಿಷಿಯನ್ ಭಾರೀ ಮಾತುಗಾರ. "ಅಮ್ಮನ ರೂಮಲ್ಲೂ ಒಂದು ನೋಡ್ ಇಟ್ಬಿಡೋಣ ಸಾರ್. ಆಮೇಲೆ ನೀವು ಆಫೀಸಲ್ಲಿ ಕೂತ್ಕೊಂಡೇ ಎಲ್ಲಾ ನೋಡ್ಬಹುದು." ಭಾವನಿಗೆ ಖುಷಿಯೋ ಖುಷಿ. ಆಪ್‌ನಲ್ಲಿ ಒಂದೊಂದಕ್ಕೂ ಹೆಸರು ಬರೆದರು. ಹಾಲ್ ನೋಡ್. ಅಡುಗೆ ನೋಡ್. ಅಮ್ಮನ ನೋಡ್.

ಇವತ್ತಿನ ತೀರ್ಪು: ಅತ್ತೆಯ ರೂಮಿನ ದೊಡ್ಡ ಕನ್ನಡಿಯದೇ ತಪ್ಪು. ಪಕ್ಕದಲ್ಲಿದ್ದ ನೋಡನ್ನು ತೆಗೆದು ಮಂಚದ ಎದುರಿನ ಕಪಾಟಿನ ಮೇಲೆ ಇಟ್ಟರು.

ಅತ್ತೆ ಮಂಚದಲ್ಲಿ ಕೂತಿದ್ದರು. "ಅಲ್ಲೇ ಇಡ್ಬೇಕೇನೋ?"

"ಇಲ್ಲಿಂದಾದ್ರೆ ಇಡೀ ರೂಮು ಕವರ್ ಆಗುತ್ತೆ ಅಮ್ಮ."

ಅತ್ತೆ ಸೆರಗು ಹೊದ್ದುಕೊಂಡು ಗೋಡೆ ಕಡೆ ತಿರುಗಿ ಕೂತರು.

ಜೂನ್ ೬, ಗುರುವಾರ

ಕನ್ನಡಿ ನಿರಪರಾಧಿ. ಇವತ್ತೂ ಸೆಷನ್ ನಡುವೆ ಹೋಯಿತು. ಭಾವ ಆಫೀಸಿನಿಂದ ಫೋನು ಮಾಡಿದರು, ಓರಗಿತ್ತಿ ಅಕ್ಕ ಸ್ಪೀಕರಿಗೆ ಹಾಕಿದರು. ಅವರಿಗೆ ಕಿವಿಯ ಹತ್ತಿರ ಭಾವನ ದನಿ ತಡೆಯುವುದಿಲ್ಲ. ಮನೆಯೆಲ್ಲ ಮೊಳಗಿತು: "ಅಮ್ಮನ ನೋಡ್ ಆಫ್ ಆಗಿದೆ! ಏನ್ ಮಾಡ್ತಿದ್ದೀರಾ ಎಲ್ಲಾರೂ? ಅಮ್ಮನ ನೋಡ್!"

ಓಡಿದೆ. ಬಾಗಿಲು ಹಾಕಿತ್ತು. ತಟ್ಟಿದೆ. ಅತ್ತೆ ತೆಗೆಯಲು ಸ್ವಲ್ಪ ತಡ ಮಾಡಿದರು. ಒಳಗೆ ಎಲ್ಲ ಸರಿಯಾಗಿಯೇ ಇದೆ. ಪ್ಲಗ್ ಗಟ್ಟಿ. ದೀಪ ಕೆಂಪಿನಿಂದ ಹಸಿರಿಗೆ ತಿರುಗುತ್ತಿದೆ. ಮುಟ್ಟಿ ನೋಡಿದೆ — ಬಿಸಿ.

"ನೀವೇನಾದ್ರೂ ಮುಟ್ಟಿದ್ರಾ ಅತ್ತೆ?"

"ನಾನ್ಯಾಕಮ್ಮ ಮುಟ್ಲಿ."

ವಾಪಸ್ ಬರುವಷ್ಟರಲ್ಲಿ ಡ್ರೈವರಣ್ಣ 'ಮನೆ' ಅಂತ ಎಷ್ಟೋ ಸಲ ಹೇಳಿದ್ದರಂತೆ. ಒಂದೂ ನನ್ನ ಕಿವಿಗೆ ಬೀಳಲಿಲ್ಲ. "ಈಗ ಹೇಳಿ ಅಣ್ಣ" ಅಂದೆ. ಕೈ ಅಲ್ಲಾಡಿಸಿಬಿಟ್ಟರು, ಸಾಕು ಅಂತ. ಆ ಕೈ ಕಣ್ಣಿಂದ ಹೋಗುತ್ತಿಲ್ಲ.

ಜೂನ್ ೮, ಶನಿವಾರ

ಭಾವನಿಗೆ ರಜ. ಮನೆಗೆ ಗ್ರಹಚಾರ. ಎಲ್ಲ ನೋಡ್‌ಗಳನ್ನೂ ಆಫ್ ಮಾಡಿ ಆನ್ ಮಾಡಿದರು. ಅಪ್‌ಡೇಟ್ ಮಾಡಿದರು. ಚಾನೆಲ್ ಬದಲಿಸಿದರು. ಆಮೇಲೆ ಮೈಕ್ರೋವೇವ್ ಮೇಲೆ ಅನುಮಾನ ಹೋಯಿತು, ಅದಕ್ಕೆ ನಿಷೇಧ. ಅಕ್ಕ ತಣ್ಣಗಿನ ಕಾಫಿ ತಂದು ಅವರ ಮುಂದೆ ಕುಕ್ಕಿದರು. "ಬಿಸಿ ಮಾಡೋಕೆ ನಿಮ್ಮ ನೆಟ್ ಪರ್ಮಿಷನ್ ಇಲ್ವಂತೆ." ಭಾವ ಅದನ್ನೇ ಕುಡಿದರು.

ಇವರು — ನನ್ನ ಯಜಮಾನರು — ಯಾವುದಕ್ಕೂ ತಲೆ ಹಾಕದೆ ಪೇಪರ್ ಓದಿದರು. ಅವರ ಶರ್ಟಿನ ಗುಂಡಿ ಕಿತ್ತಿತ್ತು. ಅತ್ತೆಯ ಹತ್ತಿರ ಹೊಲಿಗೆ ಡಬ್ಬ ಕೇಳಿದೆ. ಟೀ ಕಪ್ಪಿನಲ್ಲಿ ಸೂಜಿ, ದಾರ, ಗುಂಡಿ ಎಲ್ಲ ಹಾಕಿ ಕೊಟ್ಟರು.

"ಡಬ್ಬ ಎಲ್ಲಿ ಅತ್ತೆ? ಆ ದೊಡ್ಡ ತಗಡಿನ ಬಿಸ್ಕತ್ ಡಬ್ಬ?"

"ಇದೆ ಎಲ್ಲೋ."

ಮರೆವು ಜಾಸ್ತಿಯಾಗುತ್ತಿದೆಯೇ? ಮಾತೂ ಕಡಿಮೆ. ಮೊದಲು ನಾನು ತರಕಾರಿ ಹೆಚ್ಚುವಾಗ ಪಕ್ಕದಲ್ಲಿ ಕೂತು ಊರಿನವರ ಬಣ್ಣ ಬಯಲು ಮಾಡುತ್ತಿದ್ದರು. ನಗಿಸಿ ನಗಿಸಿ ನನ್ನ ಬೆರಳು ಕುಯ್ಯಿಸುತ್ತಿದ್ದರು. ಈಗ ಅಡುಗೆಮನೆಗೆ ಬಂದರೂ ಮೂಲೆಯ ದೀಪದ ಡಬ್ಬಿ ಕಡೆ ಒಮ್ಮೆ ನೋಡಿ ಸೆರಗು ಸರಿಮಾಡಿಕೊಂಡು ಹೊರಟುಬಿಡುತ್ತಾರೆ. ಇವರಿಗೆ ಹೇಳಿದರೆ, "ವಯಸ್ಸಾಯ್ತಲ್ಲ," ಅಂತ ಪುಟ ತಿರುಗಿಸಿದರು.

ಜೂನ್ ೧೦, ಸೋಮವಾರ

ಡ್ರೈವರಣ್ಣ ಬರಲಿಲ್ಲ. ಮಗಳ ಮೆಸೇಜ್: ಅಪ್ಪನಿಗೆ ಹುಷಾರಿಲ್ಲ. ಹುಷಾರಿಲ್ಲದ್ದು ಮೈಯಲ್ಲ.

ಹಾಲ್‌ನಲ್ಲಿ ಕೂತು ಮಾಡಲೇ ಅಂದರೆ ಟಿವಿ, ಮಿಕ್ಸಿ, ಕಾಲಿಂಗ್ ಬೆಲ್ಲು. ಪಾಪ, ತೊದಲುವ ಮನುಷ್ಯನನ್ನು ಮನೆಯವರೆಲ್ಲರ ಮುಂದೆ ಕೂರಿಸುವುದೇ? ಮೊಬೈಲ್ ಡೇಟಾ ನನ್ನ ರೂಮಿನಲ್ಲಿ ಒಂದೇ ಕಡ್ಡಿ.

ಭಾವ ಸಂಜೆ ಹೊಸ ನೋಡ್ ತಂದರು. ಅದೂ ಅತ್ತೆಯ ರೂಮಿಗೇ, ಬಾಗಿಲ ಹತ್ತಿರ. "ಒಂದು ಮಿಸ್ ಮಾಡಿದ್ರೆ ಇನ್ನೊಂದು ಹಿಡಿಯುತ್ತೆ." ಅದಕ್ಕೂ ಬಗ್ಗದಿದ್ದರೆ ಅತ್ತೆಯ ಗೋಡೆಗೆ ತೂತು ಕೊರೆದು ಕೇಬಲ್ ಎಳೆಸಿ ಪರ್ಮನೆಂಟ್ ಆಗಿ ಫಿಕ್ಸ್ ಮಾಡಿಸುತ್ತಾರಂತೆ.

ಊಟದ ಹೊತ್ತಿಗೆ ಅತ್ತೆ, "ನಾನು ಸ್ವಲ್ಪ ದಿನ ತಂಗಿ ಮನೇಲಿ ಇದ್ದು ಬರ್ತೀನಿ," ಅಂದರು. ತಟ್ಟೆಯಿಂದ ತಲೆ ಎತ್ತಲಿಲ್ಲ.

ಜೂನ್ ೧೯, ಬುಧವಾರ

ಬರೆಯಲು ಮನಸ್ಸೇ ಬಂದಿರಲಿಲ್ಲ. ಎರಡು ನೋಡ್ ಆದಮೇಲೆ ನೆಟ್ ಇನ್ನೂ ಹದಗೆಟ್ಟಿದೆ. ಭಾವ ಮಂಕಾಗಿದ್ದಾರೆ. ಪೈಪಾದರೆ ಸೋರುವುದು ಕಣ್ಣಿಗೆ ಕಾಣುತ್ತದಂತೆ.

ಮಧ್ಯಾಹ್ನ ಡ್ರೈವರಣ್ಣನ ಮಗಳ ಫೋನು. "ಕಾಡಿ ಬೇಡಿ ಒಪ್ಸಿದ್ದೀನಿ ಮೇಡಂ. ನಾಳೆ ಒಂದ್ಸಲ ಕೂರ್ತಾರಂತೆ. ನಾಳೆನೂ ಹಂಗೇ ಆದ್ರೆ ಇನ್ನು ಕೇಳ್ಬೇಡ ಅಂತ ಕೈಸನ್ನೆ ಮಾಡಿದ್ರು."

ಅತ್ತೆ ಬ್ಯಾಗು ತುಂಬುತ್ತಿದ್ದಾರೆ. ಭಾನುವಾರ ಹೊರಡುತ್ತಾರೆ.

ಭಯವಾಗುತ್ತಿದೆ. ಯಾವುದಕ್ಕೆ ಅಂತ ಬಿಡಿಸಿ ಹೇಳಲಾರೆ. ನಾಳೆ ನೆಟ್ ಒಂದು ಹೋಗದೆ ಇದ್ದರೆ ಸಾಕು.

ಜೂನ್ ೨೦, ಗುರುವಾರ

ನಿದ್ದೆ ಬರುತ್ತಿಲ್ಲ. ಖುಷಿಗೆ.

ಹನ್ನೊಂದಕ್ಕೆ ಡ್ರೈವರಣ್ಣ ಬಂದರು. ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಬಸ್ಸಿನ ಚಿತ್ರ ತೋರಿಸಿದೆ. ಅವರು ಉಸಿರೆಳೆದುಕೊಂಡರು. ತುಟಿ ಕೂಡಿತು. ಬ...

ಚಕ್ರ.

ಈ ಸಲ ಕೂಗಲಿಲ್ಲ. ಎದ್ದು ಓಡಿದೆ. ಅತ್ತೆಯ ರೂಮಿನ ಬಾಗಿಲು ಓರೆಯಾಗಿತ್ತು, ಬ್ಯಾಗು ಅಡ್ಡ ಬಂದು ಪೂರ್ತಿ ಮುಚ್ಚಿರಲಿಲ್ಲ. ತಟ್ಟದೆ ನುಗ್ಗಿದೆ.

ಕಪಾಟಿನ ಮೇಲೆ ನೋಡ್ ಇಲ್ಲ. ಅದರ ಜಾಗದಲ್ಲಿ ಬಿಸ್ಕತ್ ಡಬ್ಬ ಬೋರಲು. ಕೆಳಗಿನಿಂದ ವೈರು ಇಣುಕುತ್ತಿದೆ. ಬಾಗಿಲ ಹತ್ತಿರದ ಹೊಸದಕ್ಕೆ ಸ್ಟೀಲ್ ಪಾತ್ರೆ. ಮಂಚದ ಮೇಲೆ ಅತ್ತೆ, ಕಿವಿಗೆ ಫೋನು, ತಂಗಿಯ ಜೊತೆ ಮಾತು. ಕಣ್ಣಲ್ಲಿ ನೀರು.

ನನ್ನನ್ನು ಕಂಡು ಫೋನು ಕೆಳಗಿಟ್ಟರು. "ಸ್ವಲ್ಪ ಹೊತ್ತು ಅಷ್ಟೇ ಕಣಮ್ಮ. ಮಾತಾಡಿ ತೆಗೀತೀನಿ. ದೊಡ್ಡೋನಿಗೆ ಹೇಳ್ಬೇಡ."

"ಯಾಕತ್ತೆ ಮುಚ್ಚಿದ್ದು?"

"ಮತ್ತೆ? ಹೊತ್ತು ಗೊತ್ತಿಲ್ಲದೆ ನೋಡ್ತಾ ಇದ್ರೆ ಹೆಂಗಿರ್ಲಿ? ಬಟ್ಟೆ ಬದಲಾಯ್ಸಬೇಕು, ಮಲಗ್ಬೇಕು, ತಂಗಿ ಹತ್ರ ಕಷ್ಟಸುಖ ಆಡ್ಬೇಕು..."

"ಯಾರು ನೋಡ್ತಿದ್ದಾರೆ?"

"ಇದೇ. ಈ ನೋಡೋದು." ಡಬ್ಬದ ಕಡೆ ಬೆರಳು. "ಹಾಲು ಉಕ್ಸಿದ್ಮೇಲೆ ತಂದಿಟ್ರಲ್ಲ. ಅಮ್ಮನ ನೋಡು, ಅಮ್ಮನ ನೋಡು ಅಂತ ದಿನಾ ಕೂಗ್ತಾನಲ್ಲ ಅವನು ಆಫೀಸಿಂದ. ಮುಚ್ಚಿದ್ ತಕ್ಷಣ ಗೊತ್ತಾಗುತ್ತೆ ಅವನಿಗೆ. ನನಗೇನು ತಿಳಿಯಲ್ವಾ? ನನ್ನ ಮೇಲೆ ನಂಬಿಕೆ ಹೋಯ್ತು, ಇಟ್ರಿ. ಇರ್ಲಿ ಬಿಡು. ಬೇಡ ಅನ್ನೋಕೂ ನಾಚಿಕೆ."

ಅಮ್ಮನ ನೋಡ್. ಅಮ್ಮನ ನೋಡು.

ನಗು ಬಂತು, ಅರ್ಧಕ್ಕೇ ನಿಂತಿತು. ಆ ಮುಖ ನೋಡಿ ಹೇಗೆ ನಗಲಿ? ಸಿಗ್ನಲ್ ತಡೆದಿದ್ದ ಆ ತಗಡಿನ ಡಬ್ಬ ಎತ್ತಿ ಪಕ್ಕಕ್ಕಿಟ್ಟೆ. ಪಾತ್ರೆಯನ್ನೂ. ಅತ್ತೆಯ ಪಕ್ಕ ಕೂತು ಕೈ ಹಿಡಿದುಕೊಂಡೆ. "ಅದಕ್ಕೆ ಕಣ್ಣೇ ಇಲ್ಲ ಅತ್ತೆ. ಕಿವಿಯೂ ಇಲ್ಲ. ನೋಡ್ ಅನ್ನೋದು ಇಂಗ್ಲಿಷ್ ಪದ. ಗಂಟು ಅಂತ ಅರ್ಥ. ನೆಟ್ಟಿನ ಗಂಟು. ಅದು ಯಾರನ್ನೂ ನೋಡಲ್ಲ."

"ಗಂಟಾ?"

"ಗಂಟು."

"ನಿಜವಾಗ್ಲೂ?"

"ನಿಮ್ಮಾಣೆ."

ಅತ್ತೆ ಕಣ್ಣೊರೆಸಿಕೊಂಡರು. ಕಪಾಟಿನ ಕಡೆ ನೋಡಿ, "ಥೂ, ಈ ಗಂಟಿಗಾ ನಾನು ದಿನಾ ಸ್ನಾನದ ಮನೇಲೇ ಒದ್ದೆ ಸೀರೆ ಉಟ್ಕೊಂಡು ಬರ್ತಿದ್ದಿದ್ದು!" ಅಂದರು. ಆಗ ನಗು ಬಂತು, ಇಬ್ಬರಿಗೂ. ಕೆಳಗಿದ್ದ ಫೋನಿನಲ್ಲಿ ತಂಗಿಯೂ ನಗುತ್ತಿದ್ದರು. ಕರೆ ಕಟ್ಟೇ ಆಗಿರಲಿಲ್ಲ.

ದೀಪ ಹಸಿರಾಯಿತು. ಡ್ರೈವರಣ್ಣ! ಎದ್ದುಬಿದ್ದು ಓಡಿದೆ.

ಪರದೆಯಲ್ಲಿ ಅವರು ಇದ್ದರು. ಎದ್ದು ಹೋಗಿರಲಿಲ್ಲ. ನನ್ನ ಖಾಲಿ ಕುರ್ಚಿಯನ್ನೇ ನೋಡುತ್ತ ಕೂತಿದ್ದರು. ನಾನು ಬಂದು ಕೂತದ್ದೇ ಬೆರಳು ಎತ್ತಿ ನನ್ನ ಕಡೆ ತೋರಿಸಿದರು.

"ಹೋಗಿದ್ದು... ನೀವು." ಆಮೇಲೆ ಎದೆ ಮುಟ್ಟಿಕೊಂಡು, ನಿಧಾನವಾಗಿ, "ನಾನು... ಅಲ್ಲ."

ಚಿತ್ರ ತೋರಿಸಿ ಹೇಳಿಸಿದ್ದಲ್ಲ. ಅವರದೇ ಮಾತು. ಮಗಳು ಕೈಯಿಂದ ಬಾಯಿ ಮುಚ್ಚಿಕೊಂಡಳು. "ಹೌದಣ್ಣ, ಹೋಗಿದ್ದು ನಾನೇ. ನೀವಲ್ಲ. ಯಾವತ್ತೂ ನೀವಲ್ಲ," ಅಂದೆ. ಅವರು ಒಂದು ಕಡೆ ತುಟಿ ಎತ್ತಿ ನಕ್ಕರು. ಆಮೇಲೆ ಬಸ್ಸು ಅಂದರು. ಮನೆ ಅಂದರು. ಕೊನೆಯವರೆಗೂ ನೆಟ್ ಹೋಗಲಿಲ್ಲ.

ಕೇಳಿಸಿಕೊಳ್ಳುವುದೇ ನನ್ನ ಕಸುಬು. ನನ್ನ ಮನೆಯಲ್ಲೇ ಒಂದು ಪದ ದಿನಾ ಒಬ್ಬರಿಗೆ ಚುಚ್ಚುತ್ತಿತ್ತು, ನನಗೆ ಕೇಳಿಸಲಿಲ್ಲ. ಇರಲಿ. ಇವತ್ತು ಬೈದುಕೊಳ್ಳುವ ದಿನ ಅಲ್ಲ.

ಜೂನ್ ೨೨, ಶನಿವಾರ

ಭಾವನಿಗೆ ಹೇಳಿದಾಗ ಮುಖ ಬಿಳುಚಿಕೊಂಡಿತು. ಸೀದಾ ಹೋಗಿ ಅತ್ತೆಯ ಕಾಲ ಹತ್ತಿರ ಕೂತರು. "ಅಮ್ಮಾ, ನಿನ್ನ ಮೇಲೆ ಕ್ಯಾಮೆರಾ ಇಡ್ತೀನಾ ನಾನು?" ಇಷ್ಟು ಮೆಲ್ಲಗೆ ಮಾತಾಡಲು ಅವರಿಗೆ ಬರುತ್ತದೆ ಅಂತ ಗೊತ್ತಿರಲಿಲ್ಲ.

"ನೀನು ಕೂಗಿದ್ದು ಹಂಗಿತ್ತಪ್ಪ," ಅಂದರು ಅತ್ತೆ.

ಹೊಸ ನೋಡ್ ಅಂಗಡಿಗೆ ವಾಪಸ್. ಹಳೆಯದಕ್ಕೆ ಬೇರೆ ಹೆಸರು ಇಡಬೇಕು ಅಂತಾಯಿತು. ಅತ್ತೆಯೇ ಇಟ್ಟರು: "ಗುಂಡು. ದುಂಡಗೆ, ಬೆಳ್ಳಗೆ, ತಂದು ಕೂರ್ಸಿದ ಜಾಗದಿಂದ ಅಲ್ಲಾಡಲ್ಲ." ಇವರು ಪೇಪರ್ ಹಿಂದೆ ಬಿದ್ದು ಬಿದ್ದು ನಕ್ಕರು. ಚಿಕ್ಕಂದಿನಲ್ಲಿ ಭಾವನನ್ನು ಕರೆಯುತ್ತಿದ್ದದ್ದು ಹಾಗೇ ಅಂತೆ. ಭಾವ ಆಪ್‌ನಲ್ಲಿ ಮುಖ ಊದಿಸಿಕೊಂಡೇ ಟೈಪ್ ಮಾಡಿದರು.

ಮೈಕ್ರೋವೇವ್ ಬಿಡುಗಡೆ. ಅತ್ತೆಯ ಬ್ಯಾಗು ಅಟ್ಟಕ್ಕೆ.

ಜೂನ್ ೨೪, ಸೋಮವಾರ

ಸೆಷನ್ ಪೂರ್ತಿ ಆಯಿತು. ಡ್ರೈವರಣ್ಣ ಹಳೇ ರೂಟಿನ ಸ್ಟಾಪುಗಳ ಹೆಸರು ಹೇಳುತ್ತಿದ್ದಾರೆ. ಒಂದು ಸ್ಟಾಪಿಗೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು. ಆದರೂ ಬಸ್ಸು ಹೊರಟಿದೆ. ಗುರುವಾರ ಬರುತ್ತೇನೆ ಅಂತ ತಾವೇ ಹೇಳಿದರು.

ಎರಡು ಸಾಲು ಬರೆಯುವುದೂ ಕಷ್ಟವಾಗಿದೆ ಈಗ. ಅತ್ತೆ ಇಷ್ಟು ವಾರಗಳ ಮಾತನ್ನೆಲ್ಲ ಬಡ್ಡಿ ಸಮೇತ ತೀರಿಸುತ್ತಿದ್ದಾರೆ. ಮಧ್ಯಾಹ್ನ ಬೆರಳು ಕುಯ್ದುಕೊಂಡೆ. ಬ್ಯಾಂಡೇಜ್ ಹಾಕಿಕೊಂಡೇ ಬರೆಯುತ್ತಿದ್ದೇನೆ.

ಬಂದರು. ನನ್ನ ರೂಮಿನ ಬಾಗಿಲಲ್ಲಿ ನಿಂತಿದ್ದಾರೆ, ಹೊಲಿಗೆ ಡಬ್ಬ ಕಂಕುಳಲ್ಲಿ.

"ದಿನಾ ಏನೋ ಬರೀತಿರ್ತೀಯಲ್ಲ, ನನ್ನ ವಿಷಯಾನೇ ತಾನೇ? ನೋಡ್ಲಾ?"

ಬೇಡ ಅಂದರೆ ನಾನೂ ಡಬ್ಬ ಬೋರಲು ಹಾಕಿದ ಹಾಗಾಯಿತು. ಹೂಂ ಅಂದರೆ 'ಮರೆವು ಜಾಸ್ತಿ' ಅಂತ ಬರೆದದ್ದೂ ಕಣ್ಣಿಗೆ —