ಹೊಗೆಯಿಲ್ಲದ ವಿಸ್ಕಿ

ಮಾರ್ಚ್ ೧೨, ಭಾನುವಾರ ಮಧ್ಯಾಹ್ನ

ಮುದ್ದಿನ ತಮ್ಮನಿಗೆ,

ನೂರು ವರ್ಷ ಬಾಳು. ಆದರೆ ಮೊದಲು ಕೋಪ ಇಳಿಸಿಕೊಂಡು ಇದನ್ನು ಓದು. "ಬಾಟಲಿ ಬಂತೋ ಇಲ್ವೋ ಅಂತ ಒಂದು ಸಾಲು ಬರೆಯೋಕೆ ಈ ಅಕ್ಕನಿಗೆ ಏನು ರೋಗ" ಅಂತ ನೀನು ಬೈಕೊಂಡಿರುತ್ತೀಯ, ಗೊತ್ತು. ಬಂತು ಮಾರಾಯ. ನಿನ್ನ ಹಡಗಿನ ಗೆಳೆಯ ಅದನ್ನು ನಿನ್ನ ಹಳೇ ಸ್ವೆಟರಿನಲ್ಲಿ ಸುತ್ತಿ, ಎಳೆಗೂಸಿನ ಹಾಗೆ ಎತ್ತಿಕೊಂಡು ಬಂದು ಕೊಟ್ಟು ಹೋದ. ಆಮೇಲೆ ನಿನಗೆ ಬರೆಯೋಕೆ ಕೂತಿದ್ದೂ ಆಯಿತು, ಬರೆದಿದ್ದನ್ನು ಹರಿದು ಹಾಕಿದ್ದೂ ಆಯಿತು. ಕೂತರೆ ಏಳಬೇಕು ಅನ್ನಿಸುತ್ತೆ, ಎದ್ದರೆ ಯಾಕೆ ಎದ್ದೆ ಅನ್ನೋದೇ ಮರೆತು ಹೋಗುತ್ತೆ. ಇಷ್ಟು ಬರೆಯುವಷ್ಟರಲ್ಲೇ ಎದ್ದು ಹೋಗಿ ಒಲೆ ಆರಿಸಿದ್ದೀನಾ ಅಂತ ನೋಡಿ ಬಂದೆ. ಫೋನಿನಲ್ಲಿ ಹೇಳೋಣ ಅಂದರೆ ನಿನ್ನ ಭಾವ ಪಕ್ಕದ ಕೋಣೆಯಲ್ಲೇ ಇರುತ್ತಾರೆ.

ನಿನ್ನ ವಿಸ್ಕಿ ಚೆನ್ನಾಗಿದೆ ಕಣೋ. "ಐರ್ಲೆಂಡಿನದು, ಮೂರು ಸಲ ಬಟ್ಟಿ ಇಳಿಸಿದ್ದು, ಗಂಟಲು ಸುಡಲ್ಲ, ಅಕ್ಕನೂ ಕುಡಿಯಬಹುದು" ಅಂತ ಹೇಳಿ ಕಳಿಸಿದ್ದೆಯಲ್ಲ, ಅಕ್ಕನೂ ಕುಡಿದಳು! ನಗಬೇಡ. ಮೇಲಿನ ಮನೆಯ ಎಂಜಿನ್ ಡ್ರೈವರ್ ಗೊತ್ತಲ್ಲ, ರೈಲು ಬಿಟ್ಟು ರಿಟೈರ್ ಆದಮೇಲೂ ಸೀಟಿ ಊದಿದ ಹಾಗೇ ಮಾತಾಡುವವರು, ಅವರು ಎರಡು ವಾರದ ಹಿಂದೆ ಶನಿವಾರ ಹೆಂಡತಿಯನ್ನೂ ಕರೆದುಕೊಂಡು ಇಳಿದು ಬಂದಿದ್ದರು. ನಾಲ್ಕು ಗ್ಲಾಸು ಇಟ್ಟೆವು. ನನಗೆ ಒಂದು ಗುಟುಕು, ಅದಕ್ಕೆ ನಾಲ್ಕು ಹನಿ ನೀರು. ಮೂಗಿನ ಹತ್ತಿರ ತಂದೆ ನೋಡು, ಕೊಯ್ದಿಟ್ಟ ಹಸಿರು ಸೇಬು! ಆಮೇಲೆ ಬಾಯಲ್ಲಿ ಜೇನು, ಹೊಸ ಮರದ ಬೀರು ತೆಗೆದಾಗ ಬರುವ ಥರ ಒಂದು ವಾಸನೆ, ಕೊನೆಗೆ ನಾಲಿಗೆ ತುದಿಯಲ್ಲಿ ಚೂರು ಮೆಣಸು. ಎದೆಯಲ್ಲಿ ಯಾರೋ ಸಣ್ಣ ದೀಪ ಹಚ್ಚಿದ ಹಾಗಾಯಿತು. ಇನ್ನೊಂದು ಗುಟುಕು ಕೊಡಿ ಅಂತ ನಾನೇ ಕೇಳಿದೆ.

ಇನ್ನು ನಿನ್ನ ಭಾವ. ಟೀ ಕಂಪನಿಯಲ್ಲಿ ಜನ್ಮವೆಲ್ಲ ರುಚಿ ನೋಡಿದ ಮನುಷ್ಯ. ಸಾಲಾಗಿ ಇಟ್ಟ ಬಟ್ಟಲುಗಳ ಮುಂದೆ ನಿಂತು, ಚಮಚದಲ್ಲಿ ಸೊರ್ ಅಂತ ಹೀರಿ, ಬಾಯಲ್ಲಿ ಹೊರಳಿಸಿ, ಡಬ್ಬಕ್ಕೆ ಉಗಿದು ಮುಂದಿನದಕ್ಕೆ ಹೋಗೋದು. ನುಂಗಿದರೆ ಅದು ಕೆಲಸವೇ ಅಲ್ಲ. ನಿನ್ನ ವಿಸ್ಕಿಗೂ ಅದೇ ಮರ್ಯಾದೆ ಆಯಿತು! ಸೊರ್ ಅಂತ ಹೀರಿದರು, ಕಣ್ಣು ಮುಚ್ಚಿದರು, ಹೊರಳಿಸಿದರು, ತಿರುಗಿ ಪಕ್ಕದಲ್ಲಿದ್ದ ನನ್ನ ಗಿಡದ ಕುಂಡಕ್ಕೆ ಥೂ ಅಂತ ಉಗಿದೇ ಬಿಟ್ಟರು.

"ಅಯ್ಯೋ! ಉಗಿದುಬಿಟ್ರಲ್ಲ ಸ್ವಾಮಿ!" ಅಂತ ಡ್ರೈವರು ಕೂಗಿಕೊಂಡರು. "ಗಿಡಕ್ಕೆ ಕೊಡೋ ಬದಲು ನನಗೆ ಕೊಡಬಾರದಿತ್ತಾ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ಇಳಿದ ಮೇಲೆ ಡ್ರೈವರು, "ಸರಿ, ಮೂಗಿನ ಸಾಹೇಬ್ರು ತೀರ್ಪು ಹೇಳಿ, ಏನಿದೆ ಇದರಲ್ಲಿ?" ಅಂದರು. ನಿನ್ನ ಭಾವ ಗಂಟಲು ಸರಿ ಮಾಡಿಕೊಂಡು, "ಹೊಗೆ. ಒಳ್ಳೇ ಹೊಗೆ ವಾಸನೆ ಇದೆ" ಅಂದರು. ಡ್ರೈವರು ಗ್ಲಾಸಿಗೆ ಮೂಗು ತುರುಕಿ, "ಹೌದಲ್ವಾ! ನನಗೆ ಹೊಳೀಲೇ ಇಲ್ಲ ನೋಡಿ" ಅಂದರು. ಅವರ ಹೆಂಡತಿಗೂ ಹೊಗೆ ಸಿಕ್ಕಿತು. ದೊಡ್ಡ ಮೂಗು ಹೇಳಿದ ಮೇಲೆ ಸಿಗದೆ ಏನು ಮಾಡುತ್ತೆ?

ಅದರಲ್ಲಿ ಹೊಗೆ ಇಲ್ಲ ತಮ್ಮಾ. ಕೆಲವು ವಿಸ್ಕಿಗಳಲ್ಲಿ ಇರುತ್ತಂತೆ, ಇದರಲ್ಲಿ ಒಂದು ಚೂರೂ ಇಲ್ಲ. ನನ್ನ ಮೂಗನ್ನು ನಾನು ನಂಬುತ್ತೀನಿ, ಯಾಕೆ ಅಂದರೆ ಅದನ್ನು ಹೀಗೆ ಮಾಡಿದ್ದೇ ನಿನ್ನ ಭಾವ. ಮದುವೆಯಾದಾಗಿನಿಂದ ಈ ಮನೆಯಲ್ಲಿ ಬೆಳ್ಳುಳ್ಳಿ ಇಲ್ಲ, ಸೆಂಟು ಇಲ್ಲ, ಪರಿಮಳದ ಎಣ್ಣೆ ಇಲ್ಲ, ಹೂದಾನಿಯಲ್ಲಿ ಹೂವಿಲ್ಲ. ಟೀ ನೋಡುವವನ ಮನೆಗೆ ವಾಸನೆ ಇರಬಾರದು, ಮೂಗು ಮಂಕಾಗುತ್ತೆ ಅಂತ. ಮದುವೆಗೆ ಅಂತ ನೀನು ಕೊಟ್ಟ ಗುಲಾಬಿ ಸೋಪನ್ನು ಮೊದಲ ವಾರವೇ ಕಿಟಕಿಯಿಂದ ಎಸೆದಿದ್ದರಲ್ಲ, ನೀನೇ ಬೀದಿಗೆ ಓಡಿ ಎತ್ತಿಕೊಂಡು ಬಂದಿದ್ದೆ, ನೆನಪಿದೆಯಾ? ಆಮೇಲೆ ನನಗೆ ಆಸ್ಪತ್ರೆಯಲ್ಲಿ ಕೊಡುತ್ತಾರಲ್ಲ, ಆ ಬಿಳೀ ಸೋಪೇ ಗತಿಯಾಯಿತು. ಇಂಥ ಮನೆಯಲ್ಲಿ ಇದ್ದೂ ಇದ್ದೂ ನನ್ನ ಮೂಗೂ ಚುರುಕಾಗಿದೆ.

ಆವತ್ತಿನಿಂದ ಒಂದೊಂದೇ ನೆನಪಾಗೋಕೆ ಶುರುವಾಯಿತು. ಚಳಿಗಾಲದಲ್ಲಿ ಅವರಿಗೆ ಆ ಕೆಟ್ಟ ಜ್ವರ ಬಂತಲ್ಲ, ಅದಾದಮೇಲೆ ಒಂದು ದಿನ ಹಾಲು ಪಾತ್ರೆಯೇ ಕರಕಲಾಗುವ ತನಕ ಉಕ್ಕಿ ಸುಟ್ಟಿತ್ತು. ಇವರು ಒಲೆಯ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದರು. ನಾನು ಕೂಗಾಡಿದೆ, "ಗಮನ ಇರಲಿಲ್ಲ ಕಣೇ" ಅಂದರು. ಮೊದಲೆಲ್ಲ ಊಟಕ್ಕೆ ಕೂತರೆ ಎಣ್ಣೆ ಹಳೆಯದು, ಅಕ್ಕಿ ಚೀಲದಲ್ಲಿ ಮುಗ್ಗಿದೆ ಅಂತ ಏನಾದರೂ ಒಂದು ತಗಾದೆ. ಈಗ ದಿನಾ "ಭಾರಿ ಚೆನ್ನಾಗಿದೆ." ಆ ಹೊಗಳಿಕೆ ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು, ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ಮೊನ್ನೆ ಅವರ ಕೈಕೆಳಗೆ ಕೆಲಸ ಮಾಡುವ ಕನ್ನಡಕದಮ್ಮ ಮಾರ್ಕೆಟ್ಟಿನಲ್ಲಿ ಸಿಕ್ಕಿ, "ಸಾರ್ ಎಷ್ಟು ಒಳ್ಳೆಯವರು ಗೊತ್ತಾ, ಈಗೀಗ ಎಲ್ಲ ಬಟ್ಟಲನ್ನೂ ನನಗೇ ಮೊದಲು ನೋಡೋಕೆ ಹೇಳ್ತಾರೆ, ನಾನು ಹೇಳಿದ್ದನ್ನೇ ಸರಿ ಅಂತಾರೆ" ಅಂತ ಖುಷಿ ಪಟ್ಟುಕೊಂಡಳು. ಕೈಯಲ್ಲಿದ್ದ ಚೀಲ ಬೀಳಿಸಿಬಿಟ್ಟೆ.

ಇನ್ನೊಂದು ಕೇಳು. ಆ ಶನಿವಾರದಿಂದ ನಿನ್ನ ಭಾವ ದಿನಾ ಸಂಜೆ ಆಫೀಸಿನಿಂದ ಬಂದ ಕೂಡಲೇ ಗ್ಲಾಸಿಗೆ ಬೆರಳಿನಷ್ಟು ವಿಸ್ಕಿ ಹಾಕಿಕೊಂಡು ಕಿಟಕಿ ಹತ್ತಿರ ಕೂರುತ್ತಾರೆ. ನಾನು ಮೊದಲು, ಈ ವಯಸ್ಸಿಗೆ ಕುಡುಕರಾಗೋಕೆ ಹೊರಟಿದ್ದೀರಾ ಅಂತ ಜಗಳ ಆಡಿದೆ. ಆಮೇಲೆ ನೋಡುತ್ತೀನಿ, ಕುಡಿಯೋದೇ ಇಲ್ಲ! ಗ್ಲಾಸಿನೊಳಗೆ ಮೂಗಿಟ್ಟು ಕಣ್ಣು ಮುಚ್ಚಿಕೊಂಡು ಕೂತಿರುತ್ತಾರೆ. ಅಂಗೈಯಲ್ಲಿ ಬಿಸಿ ಮಾಡುತ್ತಾರೆ, ಅಲ್ಲಾಡಿಸುತ್ತಾರೆ, ಮತ್ತೆ ಮೂಗಿಡುತ್ತಾರೆ. ಕತ್ತಲಾದ ಮೇಲೆ ಅದನ್ನು ಹಾಗೇ ವಾಪಸ್ ಬಾಟಲಿಗೆ ಸುರಿದು ಏಳುತ್ತಾರೆ. ನೋಡೋಕಾಗಲ್ಲ ಕಣೋ. ಅಡುಗೆಮನೆಗೆ ಹೋಗಿ ಸುಮ್ಮನೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೀನಿ.

ಈ ತಿಂಗಳ ಕೊನೆಗೆ ಹೊಸ ಎಲೆ ಬರುತ್ತೆ. ವರ್ಷವಿಡೀ ಮಾರುವ ಟೀಗೆ ಯಾವ ಎಲೆಗೆ ಯಾವುದನ್ನು ಬೆರೆಸಬೇಕು ಅಂತ ಹೇಳುವವರು ಇವರೊಬ್ಬರೇ. ಇವರು ಹೂಂ ಅಂದರೆ ಮುಗಿಯಿತು, ಗೋದಾಮು ಗೋದಾಮೇ ಪ್ಯಾಕ್ ಆಗುತ್ತೆ. ಅಲ್ಲೂ ಹೀಗೇ ಇಲ್ಲದ ಹೊಗೆ ಇದೆ ಅಂದುಬಿಟ್ಟರೆ? ಇಡೀ ಊರಿನ ಮುಂದೆ ಮೂಗು ಹೋದದ್ದು ಬಯಲಾಗುವುದಕ್ಕಿಂತ ಕಂಪನಿ ಯಜಮಾನರಿಗೆ ತಾವೇ ಹೋಗಿ ಹೇಳುವುದು ವಾಸಿ ಅಲ್ಲವಾ? ಕನ್ನಡಕದಮ್ಮನನ್ನು ಮುಂದೆ ಬಿಟ್ಟು ತಾವು ಹಿಂದೆ ನಿಂತು ಕಲಿಸಬಹುದು. ಡಾಕ್ಟರಿಗೆ ತೋರಿಸಿದರೆ ಗುಣವಾದರೂ ಆದೀತು. ಆದರೆ ಬಾಯಿ ಬಿಡಬೇಕಲ್ಲ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನನಗೆ ಏನೂ ಗೊತ್ತಿಲ್ಲ ಅಂದುಕೊಂಡಿದ್ದಾರೆ. ನನಗೆ ಬಾಯಲ್ಲಿ ಬಿಸಿ ತುಪ್ಪ. ಕೇಳಿದರೆ ಮುರಿದು ಬೀಳುತ್ತಾರೇನೋ ಅಂತ ಭಯ, ಕೇಳದೆ ಇದ್ದರೆ ನಾನು ಮುರಿಯುತ್ತೀನಿ.

ಅದಕ್ಕೇ ನೀನು ಬಾ. ನಿನ್ನ ಹಡಗಿಗೆ ಬಣ್ಣ ಹೊಡೆಯುವ ಕೆಲಸ ನಡೀತಿದೆ, ಹೇಗೂ ದಡದಲ್ಲೇ ಇದ್ದೀಯ ಅಂತ ನಿನ್ನ ಗೆಳೆಯ ಹೇಳಿದ. ನೀನೂ ಅಡುಗೆ ಮಾಡಿ ನಾಲಿಗೆ ಮೂಗು ನಂಬಿ ಬದುಕುವವನು, ನಿನ್ನ ಮಾತು ಅವರಿಗೆ ನಾಟುತ್ತೆ. ವಿಸ್ಕಿ ಹೇಗಿದೆ ಅಂತ ವಿಚಾರಿಸೋಕೆ ಬಂದೆ ಅನ್ನು. ಒಂದು ಗ್ಲಾಸು ಹಾಕಿಕೊಂಡು ಎದುರಿಗೆ ಕೂತು, "ಭಾವ, ಇದರಲ್ಲಿ ಹೊಗೆ ಇರಲ್ಲ" ಅಂತ ಮೆತ್ತಗೆ ಹೇಳು. ಗಂಡಸಿನಿಂದ ಕೇಳಿದರೆ ಅಷ್ಟು ನೋಯಲ್ಲವೇನೋ. ನಾನು ಹೇಳಿಕೊಟ್ಟಿದ್ದು ಅಂತ ಗೊತ್ತಾಗಬಾರದು, ನನ್ನಾಣೆ.

ಹೊತ್ತು ಹೊತ್ತಿಗೆ ಊಟ ಮಾಡು. ಬೇರೆಯವರಿಗೆ ಬೇಯಿಸಿ ಹಾಕಿ ನೀನು ಹಸಿದು ಮಲಗಬೇಡ. ದೇವರು ನಿನ್ನ ನಾಲಿಗೆಯನ್ನೂ ಮೂಗನ್ನೂ ಕಡೆಯ ತನಕ ಹೀಗೇ ಇಟ್ಟಿರಲಿ, ಇದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಈಗ ಹೊಳೆಯುತ್ತಿಲ್ಲ.

ನಿನ್ನ
ಅಕ್ಕ

ಮರೆತಿದ್ದು: ಮರೆತಿರಲಿಲ್ಲ, ಬರೆಯೋಕೆ ಕೈ ಬರಲಿಲ್ಲ. ನಿನ್ನೆ ಅಂಗಡಿಗೆ ಹೋಗಿ ಒಂದು ಗುಲಾಬಿ ಸೋಪು ತಂದೆ, ನೀನು ಕೊಟ್ಟಿದ್ದೆಯಲ್ಲ, ಅಂಥದ್ದೇ. ತಲೆಗೂ ಮೈಗೂ ಉಜ್ಜಿ ಉಜ್ಜಿ ಸ್ನಾನ ಮಾಡಿದೆ. ಬಟ್ಟೆ ಒಣ ಹಾಕೋಕೆ ಹೋದರೆ ಮೆಟ್ಟಿಲ ಮೇಲಿಂದಲೇ ಡ್ರೈವರ ಹೆಂಡತಿ, "ಏನ್ರೀ ಇವತ್ತು ಘಮಘಮ! ಏನು ವಿಶೇಷ?" ಅಂದರು. ಸಂಜೆ ನಿನ್ನ ಭಾವನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವ ಹಾಗೆ ಕೂತೆ. ಬೈಯಲಿ, ಎದ್ದು ಹೋಗಿ ಸೋಪನ್ನು ಕಿಟಕಿಯಿಂದ ಎಸೆಯಲಿ ಅಂತ ಕಾದೆ. ಅವರು ಗ್ಲಾಸನ್ನು ನನ್ನ ಕಡೆ ಹಿಡಿದು, "ಇದರಲ್ಲಿ ಏನೇನಿದೆ ಹೇಳು ನೋಡೋಣ" ಅಂದರು. ಸೇಬು ಅಂದೆ. "ಸೇಬು" ಅಂದರು. ಜೇನು ಅಂದೆ. ಪಾಠ ಒಪ್ಪಿಸುವವರ ಹಾಗೆ ಮೆಲ್ಲಗೆ "ಜೇನು" ಅಂದರು. ಆಮೇಲೆ, "ಇನ್ನೇನಾದರೂ ವಾಸನೆ ಬರ್ತಿದೆಯಾ?" ಅಂತ ಕೇಳಿದರು.

ಇಲ್ಲ, ಇನ್ನೇನೂ ಇಲ್ಲ ಅಂದೆ ಕಣೋ.